ಮೈಕು ಗಂಗಣ್ಣ ಹೇಳಿದ ಒಂದೇ ನಿಜ

ವಿಜಯಪುರದ ನನ್ನ ಪ್ರೆಸ್ಸಿನಲ್ಲಿ ಮೊದಲು ಸವೆದುಹೋದ ಅಚ್ಚುಮೊಳೆ ಯಾವ ಅಕ್ಷರದ್ದೂ ಅಲ್ಲ, ಆಶ್ಚರ್ಯಸೂಚಕ ಚಿಹ್ನೆಯದು. ಬೆಂಗಳೂರಿನಿಂದ ತಂದ ಹೊಸ ಮೊಳೆಗಳು ಹತ್ತು ವರ್ಷವಾದರೂ ಬಾಳಬೇಕಿತ್ತು. ಎರಡೇ ವರ್ಷಕ್ಕೆ ಅವುಗಳ ತಲೆ ಚಪ್ಪಟೆಯಾಯಿತು. ಕಾರಣ ಗಂಗಣ್ಣ. ಅವನು ಬರೆದುಕೊಂಡು ಬರುತ್ತಿದ್ದ ಕರಪತ್ರಗಳಲ್ಲಿ ಪೂರ್ಣವಿರಾಮ ಎಂಬುದೇ ಇರುತ್ತಿರಲಿಲ್ಲ. ಪ್ರತಿ ಸಾಲಿನ ಕೊನೆಗೂ ಮೂರು ಆಶ್ಚರ್ಯಸೂಚಕ. ಒಂದು ಸಾಲದೇನೋ ಎಂದು ಕೇಳಿದರೆ, "ಒಂದ್ ಹಾಕಿದ್ರೆ ಯಾರೂ ನಂಬಲ್ಲ ನರಸಿಂಹಯ್ಯ. ಮೂರ್ ಹಾಕಿದ್ರೆ ಅರ್ಧನಾದ್ರೂ ನಂಬ್ತಾರೆ" ಎನ್ನುತ್ತಿದ್ದ. ಅರವತ್ತರ ದಶಕದಲ್ಲಿ ನಮ್ಮೂರಿನ ವ್ಯಾಪಾರವೆಲ್ಲ ನಡೆದದ್ದು ಈ ಲೆಕ್ಕಾಚಾರದ ಮೇಲೆಯೇ.

ಶುರುವಿನಲ್ಲಿ ಅವನು ಟೆಂಟ್ ಸಿನಿಮಾದ ಪ್ರಚಾರಕ. ಒಂದು ಜಟಕಾ, ಅದರ ಎರಡೂ ಮಗ್ಗುಲಿಗೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಅಂಟಿಸಿದ ಪೋಸ್ಟರು. ಹಿಂದೆ ಕೂತು ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು ಚಿತ್ರದ ಗುಣಗಾನ ಮಾಡುತ್ತ, ಗುಲಾಬಿ ಬಣ್ಣದ ಕರಪತ್ರ ಎಸೆಯುತ್ತ ಪೇಟೆಯಿಂದ ಸಂತೆ ಮೈದಾನದವರೆಗೆ ಹೋಗುತ್ತಿದ್ದ. ಅರವತ್ತೈದರಲ್ಲಿ ಬ್ಯಾಟರಿ ಮೈಕು ಬಂತು, ತುತ್ತೂರಿ ಮೂಲೆ ಸೇರಿತು, ಅವನು ಮೈಕು ಗಂಗಣ್ಣನಾದ. ಬೆಂಗಳೂರಿನಲ್ಲಿ ಓಡಿ ಓಡಿ ಸುಸ್ತಾಗಿ, ನಡುನಡುವೆ ರೀಲು ತುಂಡಾಗಿ ನಮ್ಮೂರಿಗೆ ಬಂದು ಬೀಳುವ ಚಿತ್ರವೂ ಅವನ ಬಾಯಲ್ಲಿ ಅಭೂತಪೂರ್ವ. "ಇಂದೇ ಕಡೆಯ ದಿನ" ಎಂದು ಒಂದು ಚಿತ್ರಕ್ಕೆ ಹನ್ನೊಂದು ದಿನ ಕೂಗಿದ್ದ. ಹನ್ನೆರಡನೆಯ ದಿನ ನಿಜವಾಗಿಯೂ ಚಿತ್ರ ಎತ್ತಿದಾಗ, ಹೇಳದೆ ಕೇಳದೆ ಎತ್ತಿಬಿಟ್ಟರೆಂದು ಜನ ಟೆಂಟಿನವರ ಮೇಲೆ ಜಗಳಕ್ಕೆ ಹೋದರು.

ಆಮೇಲೆ ಅಂಗಡಿಯವರೂ ಅವನ ಬೆನ್ನು ಬಿದ್ದರು. ಬಸ್ ನಿಲ್ದಾಣದ ಬಳಿಯ ಬೈಲಪ್ಪನ ಹೋಟೆಲಿನಲ್ಲಿ "ಅಪ್ಪಟ ಬೆಣ್ಣೆ ಕಾಸಿದ ತುಪ್ಪದ ದೋಸೆ" ಎಂದು ಮೈಕು ಹೇಳುತ್ತಿತ್ತು; ಆ ಅಡುಗೆಮನೆಗೆ ತುಪ್ಪ ಬಂದದ್ದನ್ನು ನಾನಂತೂ ನೋಡಿಲ್ಲ. ಭತ್ತದ ಹೊಟ್ಟಿನ ಬೂದಿಗೆ ಪಚ್ಚಕರ್ಪೂರ ಬೆರೆಸಿದ ಹಲ್ಲುಪುಡಿಗೆ ಅವನು "ಅಜ್ಜಿಗೂ ಮರಳಿ ಬರುವ ಮುಗುಳ್ನಗೆ" ಎಂದು ಬರೆದ. ಅರವತ್ತೇಳರ ಚುನಾವಣೆಯಲ್ಲಿ ಬೆಳಗ್ಗೆ ಒಬ್ಬ ಅಭ್ಯರ್ಥಿಗೆ, ಮಧ್ಯಾಹ್ನ ಅವನ ಎದುರಾಳಿಗೆ ಪ್ರಚಾರ ಮಾಡಿದ. ಇಬ್ಬರೂ ನಿಮ್ಮ ಮನೆಯ ಮಗನೇ, ಇಬ್ಬರೂ ಬಡವರ ಬಂಧುವೇ. ನಾನೂ ಮೊಳೆ ಬಿಚ್ಚುವ ಶ್ರಮ ತೆಗೆದುಕೊಳ್ಳಲಿಲ್ಲ, ಹೆಸರು ಮತ್ತು ಗುರುತು ಮಾತ್ರ ಬದಲಾಯಿಸಿ ಅಚ್ಚು ಹಾಕಿದೆ.

ಅವನ ಮಾತು ಮೈಕಿನಿಂದ ಇಳಿದು ಮನೆಮನೆಗೂ ಹೊಕ್ಕಿತು. ನಲ್ಲಿಯ ಹತ್ತಿರ ಹೆಂಗಸರು ಹುರುಳಿ ಬಸ್ಸಾರನ್ನು ಅಭೂತಪೂರ್ವ ಎನ್ನತೊಡಗಿದರು. ಹೆಣ್ಣು ತೋರಿಸುವಾಗ ಸೋದರಮಾವಂದಿರು ಗಂಗಣ್ಣನ ಧಾಟಿಯಲ್ಲೇ ಹುಡುಗಿಯನ್ನು ವರ್ಣಿಸಿದರು, ಗಂಡಿನ ಕಡೆಯವರು ಅದೇ ಧಾಟಿಯಲ್ಲಿ ಅಲ್ಲಗಳೆದರು. ಒಬ್ಬರ ತಿಥಿಯ ಕಾಗದ ಬರೆದುಕೊಡು ಎಂದರೆ ಅದರ ಕೊನೆಗೂ "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದು ಸೇರಿಸಿದ. ನಾನು ಅಚ್ಚು ಹಾಕಿದೆ. ಬಂದವರು ನಿರಾಶರಾಗಲಿಲ್ಲ, ವಡೆ ಚೆನ್ನಾಗಿತ್ತು.

ಇಷ್ಟೆಲ್ಲ ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲ, ಅದೇ ವಿಚಿತ್ರ. ಗಂಗಣ್ಣನ ಮಾತನ್ನು ಎಷ್ಟು ಸೋಸಿ ಕುಡಿಯಬೇಕೆಂದು ಊರಿಗೆಲ್ಲ ಗೊತ್ತಿತ್ತು. ಅವನನ್ನು ಸುಳ್ಳುಗಾರನೆಂದು ನಗುತ್ತಿದ್ದವರ ಪೈಕಿ ನಾನೇ ಮೊದಲಿಗ. ಬರೆದವನು ಸುಳ್ಳುಗಾರ, ಅಚ್ಚು ಹಾಕಿದವನು ಮರ್ಯಾದಸ್ಥ ಎಂಬ ನಂಬಿಕೆಯ ಮೇಲೆ ನಾನು ಸುಖವಾಗಿದ್ದೆ.

ಈ ಪ್ರಚಂಡ ಬಾಯಿಗೆ ಪ್ರವೇಶವಿಲ್ಲದ ಜಾಗ ಇಡೀ ಊರಿನಲ್ಲಿ ಒಂದೇ ಇತ್ತು. ಅದು ಅವನ ಸ್ವಂತ ಮನೆಯ ಹುಳುವಿನ ಕೋಣೆ. ಅವನ ಹೆಂಡತಿ ಮುನಿತಾಯಮ್ಮ ಊರಾಚೆಯ ಮುಕ್ಕಾಲು ಎಕರೆ ಹಿಪ್ಪುನೇರಳೆ ನೆಚ್ಚಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದಳು. ನಮ್ಮ ಕಡೆ ಹುಳು ಸಾಕುವ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಹುಳುವನ್ನು ಯಾರೂ ಹೊಗಳಬಾರದು. ಹೊರಗಿನವರು ಒಳಗೆ ಕಾಲಿಡಬಾರದು. ಹುಳು ಹೇಗಿವೆ ಎಂದು ಕೇಳಿದರೆ, ತಟ್ಟೆಯ ತುಂಬ ಬೆರಳುದ್ದದ ಹುಳು ಮಿರಮಿರ ಮಿಂಚುತ್ತಿದ್ದರೂ, "ಸುಮಾರಾಗವೆ" ಎಂದಷ್ಟೇ ಹೇಳಬೇಕು. ಚೆನ್ನಾಗಿವೆ ಎಂದರೆ ದೃಷ್ಟಿ ತಾಗುತ್ತದೆ. ಮುನಿತಾಯಮ್ಮ ಬಾಗಿಲ ಮೇಲೆ ಹಳೆಯ ಪೊರಕೆ ಕಟ್ಟಿದ್ದಳು, ಹೊಸ್ತಿಲಿಗೆ ಸುಣ್ಣ ಚೆಲ್ಲಿದ್ದಳು, ಗಂಡನನ್ನು ಆಚೆಗೆ ಇಟ್ಟಿದ್ದಳು. "ನಿನ್ ಬಾಯಿ ಹೊಗಳಿ ಹೊಗಳಿ ಕೆಟ್ಟೋಗದೆ. ತಡ್ಕೊಳಕ್ಕಾಗ್ದೆ ಏನೋ ಒಂದ್ ಅಂದ್ಬಿಡ್ತೀಯ. ಒಳೀಕ್ ಬರ್ಬೇಡ" ಎಂದಿದ್ದಳಂತೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಹುಳುವನ್ನು ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಅವರ ಮನೆಯಲ್ಲಿದ್ದದ್ದು ಎರಡು ಕೋಣೆ. ಹುಳು ದೊಡ್ಡವಾದಾಗ ಎರಡೂ ಅವುಗಳ ಪಾಲು. ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಸೊಪ್ಪಿನ ರಾಶಿಯ ಪಕ್ಕ ಮುದುಡಿಕೊಳ್ಳಬೇಕು. ಹುಳುವಿಗೇ ಬೇರೆ ಮನೆ ಕಟ್ಟಬೇಕೆಂಬುದು ಮುನಿತಾಯಮ್ಮನ ಹಟ. ಎಪ್ಪತ್ತೆರಡರ ಆರಂಭದ ಎರಡು ಬೆಳೆಯ ಹಣದಲ್ಲಿ ಹಿತ್ತಲಲ್ಲಿ ಮಣ್ಣಿನ ಗೋಡೆಗಳು ಎದ್ದವು. ಬೇಸಿಗೆಯ ಮೂರನೆಯ ಬೆಳೆ ಕೈಗೆ ಬಂದರೆ ಮೇಲೆ ಹೆಂಚು. ಬರದಿದ್ದರೆ ಮುಂಗಾರಿಗೆ ಆ ಗೋಡೆಗಳು ಕರಗಿ ಮತ್ತೆ ಹಿತ್ತಲ ಮಣ್ಣಾಗುತ್ತವೆ. ಇದು ಅವಳಿಗೂ ಗೊತ್ತಿತ್ತು, ಗಂಗಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಬೈಲಪ್ಪನ ಹೋಟೆಲಿನಲ್ಲಿ ನಾವು ಮೂವರು ಕಾಫಿ ಕುಡಿಯುತ್ತ ಕೂತಿದ್ದೆವು: ನಾನು, ಗಂಗಣ್ಣ, ಗೂಡು ಕೊಂಡು ನೂಲು ತೆಗೆಸುವ ಸರ್ದಾರ್ ಪಾಷಾ. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ ಪಾಷಾ ತಮಾಷೆಗೆ ಕೇಳಿದ.

"ಗಂಗಣ್ಣ ಭಾಯಿ, ಇಷ್ಟ್ ವರ್ಷದಾಗೆ ಒಂದಾದ್ರೂ ಸಚ್ ಹೇಳಿದೀರಾ ಮೈಕಲ್ಲಿ?"

ಗಂಗಣ್ಣ ನಕ್ಕ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಒಂದ್ ಸಲ ನಿಜ ಹೇಳೋ ಗಂಗ, ಆ ಕರಪತ್ರ ನಾನ್ ಬಿಟ್ಟಿ ಅಚ್ಚು ಹಾಕ್ಕೊಡ್ತೀನಿ. ಇಡೀ ಊರಲ್ಲಿ ನೀನು ಹೊಗಳೋಕೆ ಯೋಗ್ಯವಾದ ನಿಜವಾದ ವಸ್ತು ಒಂದಾದ್ರೂ ಇದ್ರೆ ತಗೊಂಡ್ ಬಾ" ಎಂದೆ. ಸುತ್ತಲಿನ ಮೇಜಿನವರೂ ನಕ್ಕರು. ಗಂಗಣ್ಣನ ಮುಖ ಸಪ್ಪಗಾದದ್ದನ್ನು ಕಂಡೆ. ಕಂಡು ಖುಷಿಪಟ್ಟೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಅವನು ಒಂದು ಹಾಳೆ ತಂದು ನನ್ನ ಮುಂದಿಟ್ಟ. ಅದರಲ್ಲಿ ಒಂದೇ ಒಂದು ಆಶ್ಚರ್ಯಸೂಚಕವೂ ಇರಲಿಲ್ಲ. ಎಲ್ಲ ಸಾಲಿಗೂ ಪೂರ್ಣವಿರಾಮ. ಅದನ್ನು ನೋಡಿದಾಗಲೇ ನನಗೆ ಭಯವಾಗಬೇಕಿತ್ತು.

"ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮುನಿತಾಯಮ್ಮ ಸಾಕಿರುವ ರೇಷ್ಮೆ ಹುಳುಗಳು ನಾಲ್ಕನೆಯ ಜ್ವರ ಮುಗಿಸಿ ಎದ್ದಿವೆ. ಹದಿನಾಲ್ಕು ವರ್ಷದಲ್ಲಿ ಅವಳು ಒಂದು ಹೊತ್ತೂ ಸೊಪ್ಪು ತಪ್ಪಿಸಿಲ್ಲ. ಹುಳು ಊಟ ಮಾಡಿದ ಮೇಲೆ ತಾನು ಊಟ ಮಾಡುತ್ತಾಳೆ. ಅವಳ ಕೈಗುಣ ಈ ಹೋಬಳಿಯಲ್ಲಿ ಇನ್ನೊಬ್ಬರಿಗಿಲ್ಲ. ನಂಬದವರು ಬಂದು ನೋಡಬಹುದು."

ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿದ ಮೇಲೆ ಏಳೆಂಟು ದಿನ ಬಕಾಸುರನ ಹಾಗೆ ತಿಂದು ಗೂಡು ಕಟ್ಟುತ್ತವೆ. ಸಾಕುವವರ ಎದೆ ಹೊಡೆದುಕೊಳ್ಳುವ ದಿನಗಳು ಅವು. "ಮನೇಲಿ ಹೇಳಿದೀಯೇನೋ?" ಎಂದು ಕೇಳಿದೆ. "ಅಚ್ಚಾದ್ಮೇಲೆ ತೋರಿಸ್ತೀನಿ ಗುರು. ಅವ್ಳಿಗೆ ಒಂದ್ ಒಳ್ಳೆ ಮಾತು ನಾನ್ಯಾವತ್ತೂ ಅಂದಿಲ್ಲ. ಒಳೀಕೇ ಬಿಡಲ್ವಲ್ಲ, ಎಲ್ಲಿ ಅನ್ಲಿ?" ಎಂದ. ಐನೂರು ಪ್ರತಿ ಅಚ್ಚು ಹಾಕಿಕೊಟ್ಟೆ, ಗುಲಾಬಿ ಕಾಗದದಲ್ಲಿ.

ಮೈಕು ಊರೂರು ಸುತ್ತಿತು. ಆವತಿಯ ಕಡೆಗೂ ಹೋಗಿ ಬಂತು, ಅವನ ಸ್ವಂತ ಬೀದಿಗೆ ಮಾತ್ರ ಬರಲಿಲ್ಲ. ಆಶ್ಚರ್ಯಸೂಚಕವಿಲ್ಲದ ಕರಪತ್ರ ನೋಡಿ ಜನರಿಗೆ ಗಾಬರಿಯೇ ಆಯಿತು. ಗಂಗಣ್ಣ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾನೆ ಎಂದಮೇಲೆ ಇದರಲ್ಲಿ ಏನೋ ಇದೆ ಎಂದುಕೊಂಡರು. ಅವನ ಮಾತನ್ನು ಸೋಸದೆ ಕುಡಿದದ್ದು ಅದೇ ಮೊದಲು.

ಮರುದಿನ ಮುನಿತಾಯಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಹೊತ್ತಿಗೆ ಜನ ಬಂದರು. ಹತ್ತಲ್ಲ, ಇಪ್ಪತ್ತಲ್ಲ, ಅರವತ್ತಕ್ಕೂ ಮೇಲೆ. ಬಹಳ ಮಂದಿ ತಾವೂ ಹುಳು ಸಾಕುವವರೇ, ತಮ್ಮ ತಮ್ಮ ಹುಳುಮನೆಯಿಂದ ಕಾಲೂ ತೊಳೆಯದೆ ನೆಟ್ಟಗೆ ಬಂದಿದ್ದರು. ಗಂಗಣ್ಣ ಬಾಗಿಲಲ್ಲಿ ನಿಂತು, ಬನ್ನಿ ಬನ್ನಿ ಎಂದು, ತಾನೂ ಒಳಗೆ ಹೋದ. ಜನ ತಟ್ಟೆಯ ಮೇಲೆ ಬಾಗಿದರು. ಹುಳು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು, ಬೆರಳಿಂದ ಒತ್ತಿ ನೋಡಿದರು, ಅಕ್ಕಪಕ್ಕದವರಿಗೆ ಕೊಟ್ಟರು. "ಏನ್ ಚೆನ್ನಾಗವಪ್ಪ" ಎಂದು ಒಬ್ಬರ ಮೇಲೊಬ್ಬರು ಉದ್ಗರಿಸಿದರು. ನಾನೂ ಅಲ್ಲಿದ್ದೆ. ನಾನೂ ಒಂದು ಹುಳು ಎತ್ತಿಕೊಂಡಿದ್ದೆ.

ಮುನಿತಾಯಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದಳು. ಅಂಗಳದ ತುಂಬ ಜನರನ್ನು ನೋಡಿ ಹೊರೆ ಇಳಿಸಲಿಲ್ಲ, ಹಾಗೆಯೇ ನಿಂತಳು.

"ಯಾರ್ ಕರುದ್ರು ಇವ್ರುನ್ನ?"

ಯಾರೋ ಗುಲಾಬಿ ಕರಪತ್ರವನ್ನು ಅವಳ ಮುಂದೆ ಹಿಡಿದರು. ಅವಳಿಗೆ ಓದಲು ಬಾರದು. ಸುತ್ತ ನೋಡಿ ನನ್ನ ಕೈಗೆ ಕೊಟ್ಟಳು. "ನೀವೇ ಅಲ್ವಾ ಅಣ್ಣ ಇದುನ್ನ ಮಾಡೋರು. ನೀವೇ ಓದಿ."

ಓದಿದೆ. ನನ್ನ ಪ್ರೆಸ್ಸಿನಿಂದ ಹೊರಬಿದ್ದ ಯಾವ ಕಾಗದವೂ ನನಗೆ ಅಷ್ಟು ಉದ್ದ ಎನಿಸಿರಲಿಲ್ಲ. ತನ್ನ ಹೆಸರು ಬಂದಾಗ ಅವಳು ತಲೆಯ ಮೇಲಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹುಳು ಊಟ ಮಾಡಿದ ಮೇಲೆ ತಾನು ಊಟ ಮಾಡುತ್ತಾಳೆ ಎಂಬಲ್ಲಿಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು. ಬೈಯುತ್ತಾಳೆಂದು ಎಲ್ಲರೂ ಕಾದೆವು. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, "ಎಲ್ರೂ ಎದ್ದೋಗಿ" ಎಂದಳು. ಹೋದೆವು.

ಐದನೆಯ ದಿನ ಹುಳುಗಳ ಮೈ ಊದಿತು. ಆರನೆಯ ದಿನ ಚರ್ಮ ಒಡೆದು ಹಾಲಿನಂಥ ನೀರು ಸುರಿಯತೊಡಗಿತು. ಹಾಲುರೋಗ. ಗೂಡು ಕಟ್ಟಲು ಒಂದೆರಡು ದಿನವಷ್ಟೇ ಉಳಿದಿತ್ತು. ಮುನಿತಾಯಮ್ಮ ತಟ್ಟೆ ತಟ್ಟೆಯನ್ನೂ ಹೊತ್ತು ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದು ಸುಣ್ಣ ಹಾಕಿದಳು. ಗಂಗಣ್ಣ ಗುಂಡಿ ತೋಡಿದ.

ಊರು ಎರಡು ಪಂಗಡವಾಯಿತು. ಹೊಗಳಿದ್ದಕ್ಕೆ ದೃಷ್ಟಿ ತಾಗಿತು ಎಂದಿತು ಒಂದು. ಬಂದವರ ಕಾಲಿನ ಧೂಳಿನಲ್ಲಿ ರೋಗ ಬಂತು ಎಂದಿತು ಓದುಬರಹ ಬಲ್ಲ ಇನ್ನೊಂದು. ಆ ಹುಳು ಎತ್ತಿ ಅಂಗೈ ಮೇಲೆ ಇಟ್ಟುಕೊಂಡವರೇ ಎರಡೂ ಪಂಗಡದಲ್ಲಿದ್ದು ವಾದಿಸಿದರು. ನನಗೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹೊಗಳದಿದ್ದರೆ ಆ ಕಾಲುಗಳು ಬರುತ್ತಿರಲಿಲ್ಲ. ಅಷ್ಟು ವರ್ಷ ಸುಳ್ಳು ಹೇಳಿ ಒಂದು ಇರುವೆಯನ್ನೂ ಕೊಲ್ಲದವನು ಒಂದೇ ಒಂದು ನಿಜ ಹೇಳಿ ಹೆಂಡತಿಯ ಮನೆಯ ಹೆಂಚು ಹಾರಿಸಿದ. ನಿಜ ಹೇಳು ಎಂದು ಕೆಣಕಿದವನು, ಬಿಟ್ಟಿ ಅಚ್ಚು ಹಾಕಿದವನು ನಾನು. ನನ್ನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅಚ್ಚು ಹಾಕುವವನ ಕಸುಬಿನ ಅನುಕೂಲ ಇದು.

ಮುಂಗಾರು ಬೇಗ ಬಂತು. ಮೊದಲ ಮಳೆಯ ದಿನ ಗಂಗಣ್ಣ ಜಟಕಾದ ತಟ್ಟಿಗಳನ್ನೆಲ್ಲ ಬಿಚ್ಚಿ, ಮನೆಯಲ್ಲಿ ಪೇರಿಸಿಟ್ಟಿದ್ದ ಹಳೆಯ ತಟ್ಟಿಗಳನ್ನೂ ಎಳೆದು ತಂದು ಹಿತ್ತಲ ಗೋಡೆಗಳ ನೆತ್ತಿಗೆ ಹೊದಿಸಿದ. ವರ್ಷಗಟ್ಟಲೆ ಒಂದರ ಮೇಲೊಂದು ಪೋಸ್ಟರು ಅಂಟಿಸಿ ಅಂಟಿಸಿ ಅವು ಹಲಗೆಯಷ್ಟು ಗಟ್ಟಿಯಾಗಿದ್ದವು. ಅಭೂತಪೂರ್ವ, ಇಂದೇ ಕಡೆಯ ದಿನ, ಕಿಕ್ಕಿರಿದ ಪ್ರದರ್ಶನ, ಎಲ್ಲವೂ ಮಳೆಗೆ ನೆನೆಯುತ್ತ ಆ ಗೋಡೆಗಳನ್ನು ಕಾದವು. ಅವನ ಮಾತುಗಳು ನೇರವಾಗಿ ಯಾರ ಉಪಯೋಗಕ್ಕಾದರೂ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇತ್ತ ಅವನ ಬಾಯಿಗೆ ದೃಷ್ಟಿ ಇದೆ ಎಂಬ ಸುದ್ದಿ ಹರಡಿ ಕಸುಬಿಗೆ ಕಲ್ಲು ಬಿತ್ತು. ಆದರೆ ನಮ್ಮೂರಿನ ವ್ಯಾಪಾರಿಗಳು ಯಾವುದನ್ನೂ ವ್ಯರ್ಥ ಮಾಡುವವರಲ್ಲ. ಬೈಲಪ್ಪ ಮೆಲ್ಲಗೆ ಬಂದು ಅವನ ಕಿವಿಯಲ್ಲಿ ಹೇಳಿದ. "ಗಂಗಣ್ಣ, ನನ್ ಹೋಟ್ಲು ಸುದ್ದಿ ಬಿಟ್ಬಿಡು. ಎದುರ್ಗಡೆ ಹೊಸಾದ್ ತೆಗ್ದವ್ನಲ್ಲ, ಅವ್ನ ದೋಸೆ ಬಗ್ಗೆ ಎರಡ್ ಒಳ್ಳೇ ಮಾತು ಹೇಳ್ಕೊಂಡ್ ಬಾ." ಗಂಗಣ್ಣ ಎದ್ದು ಹೋದ. ಊರಿನ ಚುನಾವಣೆಗೆ ನಿಂತಿದ್ದ ಒಬ್ಬ ಮಹಾಶಯ ಮಾತ್ರ ಬಿಡಲಿಲ್ಲ, ಕಾಡಿ ಬೇಡಿ ಒಪ್ಪಿಸಿ ತನ್ನ ಎದುರಾಳಿಯನ್ನು ಮೂರು ದಿನ ಮೈಕಿನಲ್ಲಿ ಹೊಗಳಿಸಿದ. ಎದುರಾಳಿ ಭಾರೀ ಬಹುಮತದಿಂದ ಗೆದ್ದ. ಅಲ್ಲಿಗೆ ದೃಷ್ಟಿಯ ಸುದ್ದಿ ಸತ್ತಿತು. ದೃಷ್ಟಿ ತಾಗುವುದಕ್ಕೂ ಒಳಗೆ ಒಳ್ಳೆಯದು ಏನಾದರೂ ಇರಬೇಕು ಎಂದು ಸರ್ದಾರ್ ಪಾಷಾ ಷರಾ ಬರೆದ.

ಶ್ರಾವಣದಲ್ಲಿ ಮುನಿತಾಯಮ್ಮ ಮತ್ತೆ ಹುಳು ಸಾಕಲು ಶುರುಮಾಡಿದಳು. ನಾಲ್ಕನೆಯ ಜ್ವರ ಏಳುವ ಹೊತ್ತಿಗೆ ಗಂಡನನ್ನು ಕರೆದಳಂತೆ. "ಆವತ್ತು ಬನ್ನಿ ಅಂತ ಕೂಗಿದ್ದೆಯಲ್ಲ, ಹೋಗು, ಬರ್ಬೇಡಿ ಅಂತ ಕೂಗ್ಕೊಂಡ್ ಬಾ." ಅವನು ಮೈಕು ಹಿಡಿದು ಹೊರಟ. ನಾನು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳಿದೆ.

"ಮಹಾಜನಗಳಲ್ಲಿ ವಿಜ್ಞಾಪನೆ. ನಮ್ಮ ಮನೆಯ ಹುಳು ಈ ಸಲ ಸುಮಾರಾಗಿವೆ. ನೋಡುವಂಥದ್ದೇನೂ ಇಲ್ಲ. ದಯಮಾಡಿ ಯಾರೂ ಬರಬೇಡಿ."

ಬೀದಿಯುದ್ದಕ್ಕೂ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸರ್ದಾರ್ ಪಾಷಾ ಮಾತ್ರ ನಗಲಿಲ್ಲ. ಜಟಕಾದ ಪಕ್ಕ ನಡೆಯುತ್ತ, "ಗೂಡು ನಂಗೇ ಕೊಡ್ಬೇಕು ಭಾಯಿ. ನಾನ್ ಮನೆಗ್ ಬರಲ್ಲ, ಕಣ್ಣಲ್ ನೋಡಲ್ಲ. ನೀವು ಸುಮಾರು ಅಂದಿದ್ದು ಇವತ್ತೇ ಮೊದ್ಲು ಕೇಳಿದ್ದು, ಅಷ್ಟ್ ಸಾಕು" ಎಂದ.

ಯಾರೂ ಬರಲಿಲ್ಲ. ಹುಳು ಮೇಯುವುದು ಮುಗಿಸಿ ಹಣ್ಣಾದವು, ಗೂಡು ಕಟ್ಟುವ ಚಂದ್ರಿಕೆ ಏರಿದವು. ಬಿದಿರಿನ ಆ ಚಂದ್ರಿಕೆಗಳಲ್ಲಿ ಗೂಡು ಕಟ್ಟಿ ಮುಗಿದ ದಿನ ಮುನಿತಾಯಮ್ಮ ನನ್ನನ್ನೂ ಕರೆಸಿದಳು. ನಾನು ಯಾರೂ ಹೇಳದೆ ಕಾಲು ತೊಳೆದುಕೊಂಡೆ. ಅವಳು ಬಾಗಿಲ ಪಕ್ಕಕ್ಕೆ ಸರಿದು ಗಂಡನಿಗೆ ದಾರಿ ಬಿಟ್ಟಳು. ಗೋಡೆಯ ಉದ್ದಕ್ಕೂ ಒತ್ತೊತ್ತಾಗಿ ಹಳದಿ ಗೂಡು.

"ಹೆಂಗವೆ?" ಎಂದು ಕೇಳಿದಳು.

ಗಂಗಣ್ಣ ಬಾಯಿ ತೆರೆದ. ಅವನ ಹತ್ತಿರ ಇದ್ದ ಮಾತುಗಳನ್ನೆಲ್ಲ ನಾನು ಬಲ್ಲೆ, ಒಂದೊಂದನ್ನೂ ನನ್ನ ಕೈಯಾರೆ ಜೋಡಿಸಿದ್ದೇನೆ. ಅವೆಲ್ಲವೂ ಗಂಟಲಿಗೆ ಬಂದು ನಿಂತದ್ದು ಅವನ ಮುಖದಲ್ಲಿ ಕಂಡಿತು.

"ಸುಮಾರಾಗವೆ" ಎಂದ.

ಮುನಿತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿ ಕಾಸಲು ಹೋದಳು. ಆ ತಿಂಗಳೇ ಹಿತ್ತಲ ಗೋಡೆಗಳ ಮೇಲೆ ಹೆಂಚು ಕೂತಿತು.

ಮುಂದೆ ಗಂಗಣ್ಣ ಸಿನಿಮಾ, ಸೀರೆ, ಬೀಡಿ ಎಂದು ತನ್ನ ಹಳೆಯ ಕಸುಬಿಗೇ ಮರಳಿದ. ಆಶ್ಚರ್ಯಸೂಚಕಗಳೂ ಮರಳಿದವು, ನಾನು ಹೊಸ ಮೊಳೆ ತರಿಸಿದೆ. ವರ್ಷ ಕಳೆದ ಮೇಲೆ ಒಮ್ಮೆ ಯಾವುದೋ ಕರಪತ್ರದ ಕೆಲಸಕ್ಕೆ ಅವನನ್ನು ಹುಡುಕಿಕೊಂಡು ಹೋದೆ. ಅವನು ಇರಲಿಲ್ಲ, ಮೈಕಿನೊಂದಿಗೆ ನಂದಗುಡಿಗೆ ಹೋಗಿದ್ದ. ಮುನಿತಾಯಮ್ಮ ಹೊಸ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಹೆಚ್ಚುತ್ತ ಕೂತಿದ್ದಳು. ಒಳಗೆ ಹುಳು ಮೇಯುವ ಸದ್ದು. ನಾನು ಹೇಗಿವೆ ಎಂದು ಕೇಳಲಿಲ್ಲ. ಹೊರಡಲು ತಿರುಗಿದಾಗ ಕರೆದಳು. ಒಳಗೆ ಹೋಗಿ ಹೆಂಚಿನ ಕೆಳಗೆ ತೊಲೆಯ ಸಂದಿಗೆ ಕೈ ಹಾಕಿ ಏನನ್ನೋ ತೆಗೆದು ತಂದು ನನಗೆ ಕೊಟ್ಟಳು. ನಾಲ್ಕು ಮಡಿಕೆಯಾದ ಗುಲಾಬಿ ಕಾಗದ. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಗೆರೆಗಳಲ್ಲಿ ಹರಿಯುವ ಹಾಗಿತ್ತು.

ಅದನ್ನು ಅವಳು ಎಂದೋ ಒಲೆಗೆ ಹಾಕಿರುತ್ತಾಳೆ ಎಂದುಕೊಂಡಿದ್ದೆ.

"ಇನ್ನೊಂದ್ ಸಲ ಓದಿ ಅಣ್ಣ" ಎಂದಳು. ಆಮೇಲೆ ಒಳಗಿನ ಸದ್ದಿನ ಕಡೆ ಒಮ್ಮೆ ನೋಡಿ, ಕೈಸನ್ನೆಯಿಂದ ನನ್ನನ್ನು ಅಂಗಳದ ಆ ತುದಿಗೆ ಕರೆದುಕೊಂಡು ಹೋದಳು. "ಮೆಲ್ಲುಕ್ ಓದಿ. ಹುಳುಗೊಳ್ಗೆ ಕೇಳುಸ್ಬಾರ್ದು."

ನಾನು ಮೆಲ್ಲಗೆ ಓದಿದೆ.